ಪರೀಕ್ಷೆಯ ಭಯಕ್ಕೆ ಅಂಕವಿಲ್ಲದ ಪರೀಕ್ಷೆ

ಜನವರಿ ಮುಗಿಯುತ್ತಿದ್ದಂತೆ ನಮ್ಮ ಪ್ರೌಢಶಾಲೆಗಳಲ್ಲಿ ಎರಡು ಬಗೆಯ ತಯಾರಿ ಒಟ್ಟಿಗೆ ಶುರುವಾಗುತ್ತದೆ. ಒಂದು ಪಾಠದ್ದು: ಬೆಳಗಿನ ವಿಶೇಷ ತರಗತಿ, ಸಂಜೆಯ ಗುಂಪು ಓದು, ಕಲಿಕೆಯಲ್ಲಿ ಹಿಂದಿರುವವರಿಗೆ ಪಾಸಿಂಗ್ ಪ್ಯಾಕೇಜ್, ಮೇಲಿಂದ ಮೇಲೆ ಪೂರ್ವಸಿದ್ಧತಾ ಪರೀಕ್ಷೆ. ಇನ್ನೊಂದು ಮನಸ್ಸಿನದು: ಭಾಷಣಕಾರರೊಬ್ಬರನ್ನು ಕರೆಸಿ, ಪರೀಕ್ಷೆಗೆ ಹೆದರಬೇಡಿ ಎಂದು ಎರಡು ಗಂಟೆ ಹೇಳಿಸುವುದು, ಪ್ರಾರ್ಥನೆಯ ನಂತರ ಹತ್ತು ನಿಮಿಷ ಕಣ್ಣು ಮುಚ್ಚಿ ಕೂರಿಸುವುದು. ಮನೆಯ ಕಡೆಯಿಂದ ನೆನಪಿನ ಶಕ್ತಿಯ ಟಾನಿಕ್ ಬಾಟಲಿಯೂ ಸೇರಿಕೊಳ್ಳುತ್ತದೆ. ಇದೆಲ್ಲ ಮಕ್ಕಳ ಮೇಲಿನ ಕಾಳಜಿಯಿಂದಲೇ ನಡೆಯುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಪರೀಕ್ಷಾ ಭಯದ ಬಗ್ಗೆ ಕಳೆದ ಐದಾರು ದಶಕಗಳಲ್ಲಿ ನಡೆದಿರುವ ಅಧ್ಯಯನಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ, ನಾವು ಹೆಚ್ಚು ನೆಚ್ಚಿಕೊಂಡಿರುವ ಉಪಾಯಗಳಿಗೇ ಆಧಾರ ಕಡಿಮೆ ಎಂಬುದು ಗೊತ್ತಾಗುತ್ತದೆ. ಔಷಧವಿಲ್ಲದೆ ಈ ಭಯವನ್ನು ತಗ್ಗಿಸಲು ಶಾಲೆಯ ಕೈಯಲ್ಲಿರುವ ಬಲವಾದ ಸಾಧನವೆಂದರೆ ಪರೀಕ್ಷೆಯೇ. ಆದರೆ ಅದು ಅಂಕ ಕೊಡದ, ಯಾವ ದಾಖಲೆಗೂ ಹೋಗದ, ಜೂನ್‌ನಿಂದಲೇ ವಾರವಾರ ನಡೆಯುವ ಪುಟ್ಟ ಪರೀಕ್ಷೆ ಆಗಿರಬೇಕು.

ಸಮಸ್ಯೆ ಎಷ್ಟು ವ್ಯಾಪಕವಾಗಿದೆ ಎಂಬುದಕ್ಕೆ ಎನ್‌ಸಿಇಆರ್‌ಟಿ 2022ರಲ್ಲಿ ಪ್ರಕಟಿಸಿದ ಸಮೀಕ್ಷೆಯೇ ಸಾಕು. 6ರಿಂದ 12ನೇ ತರಗತಿವರೆಗಿನ 3.79 ಲಕ್ಷ ವಿದ್ಯಾರ್ಥಿಗಳು ಪಾಲ್ಗೊಂಡಿದ್ದ ಆ ಸಮೀಕ್ಷೆಯಲ್ಲಿ ಶೇ 81ರಷ್ಟು ಮಕ್ಕಳು ತಮ್ಮ ಆತಂಕಕ್ಕೆ ಓದು, ಪರೀಕ್ಷೆ ಮತ್ತು ಫಲಿತಾಂಶವೇ ಕಾರಣ ಎಂದಿದ್ದರು. ಈ ಆತಂಕದಲ್ಲಿ ಎರಡು ಪದರಗಳಿವೆ ಎಂದು ಮನೋವಿಜ್ಞಾನಿಗಳಾದ ಲೀಬರ್ಟ್ ಮತ್ತು ಮಾರಿಸ್ 1967ರಷ್ಟು ಹಿಂದೆಯೇ ಗುರುತಿಸಿದ್ದರು. ಒಂದು ಮೈಯದ್ದು: ಎದೆ ಹೊಡೆದುಕೊಳ್ಳುವುದು, ಅಂಗೈ ಬೆವರುವುದು, ಹೊಟ್ಟೆ ತೊಳಸುವುದು. ಮತ್ತೊಂದು ಮನಸ್ಸಿನದು: ‘ಫೇಲಾದರೆ ಏನು ಗತಿ, ಅಪ್ಪ ಏನಂತಾರೆ, ಪಕ್ಕದವಳು ಆಗಲೇ ಎಕ್ಸ್‌ಟ್ರಾ ಶೀಟ್ ತಗೊಂಡಳು’ ಎಂದು ಒಳಗೇ ಓಡುವ ಮಾತು. ಅಂಕಕ್ಕೆ ಹೆಚ್ಚು ಹೊಡೆತ ಕೊಡುವುದು ಈ ಎರಡನೆಯದು. ಲೆಕ್ಕ ಬಿಡಿಸುವಾಗ ‘ಕೈಯಲ್ಲಿ ಎರಡು’ ಎಂದು ತಲೆಯಲ್ಲಿ ಹಿಡಿದಿಟ್ಟುಕೊಳ್ಳುತ್ತೇವಲ್ಲ, ಆ ಕ್ಷಣದ ನೆನಪಿಗೆ ಇರುವ ಜಾಗ ಬಹಳ ಚಿಕ್ಕದು. ಚಿಂತೆಯ ಮಾತುಗಳು ಅಲ್ಲೇ ಬಂದು ಕೂರುತ್ತವೆ, ಲೆಕ್ಕಕ್ಕೆ ಜಾಗ ಸಾಲದಾಗುತ್ತದೆ. ‘ಓದಿದ್ದೆಲ್ಲ ಮರೆತೇಹೋಯ್ತು ಸಾರ್’ ಎಂದು ಮಗು ಹೇಳಿದರೆ ಅದನ್ನು ನೆಪವೆಂದು ತಳ್ಳಿಹಾಕಬಾರದು. ಓದಿದ್ದು ಒಳಗೇ ಇರುತ್ತದೆ, ಅದನ್ನು ಹೊರಗೆ ತೆಗೆಯುವ ದಾರಿ ಮುಚ್ಚಿಕೊಂಡಿರುತ್ತದೆ.

ಮಾತ್ರೆ ಯಾಕೆ ಬೇಡ ಎಂಬುದಕ್ಕೂ ಇಲ್ಲೇ ಉತ್ತರವಿದೆ. ವೇದಿಕೆಯ ನಡುಕಕ್ಕೆ ಕೆಲವರು ನುಂಗುವ ಪ್ರೊಪ್ರನಾಲಾಲ್ ಎದೆಬಡಿತವನ್ನೇನೋ ಇಳಿಸುತ್ತದೆ, ಒಳಗಿನ ಮಾತನ್ನು ನಿಲ್ಲಿಸುವುದಿಲ್ಲ. ಆಸ್ತಮಾ ಇರುವ ಮಕ್ಕಳಿಗೆ ಅದು ಅಪಾಯಕಾರಿ. ವೈದ್ಯರನ್ನು ಕೇಳದೆ, ಪರಿಚಯದ ಮೆಡಿಕಲ್ ಸ್ಟೋರ್‌ನಿಂದ ತಂದ ನಿದ್ದೆ ಮಾತ್ರೆಯ ಬಗ್ಗೆಯಂತೂ ಹೇಳುವುದೇ ಬೇಡ. ಮರುದಿನದ ಮಂಪರೇ ಅದಕ್ಕೆ ತೆರುವ ಬೆಲೆ.

ಒಳಗಿರುವುದನ್ನು ಹೊರಗೆ ತೆಗೆಯುವ ದಾರಿ ತೆರೆದಿರಬೇಕಾದರೆ ಆ ದಾರಿಯಲ್ಲಿ ಮತ್ತೆ ಮತ್ತೆ ಓಡಾಡಿರಬೇಕು. ನಮ್ಮ ಮಕ್ಕಳ ಓದಿನಲ್ಲಿ ಇಲ್ಲದಿರುವುದು ಅದೇ. ಅವರು ನೋಟ್ಸ್ ಓದುತ್ತಾರೆ, ಅಡಿಗೆರೆ ಹಾಕುತ್ತಾರೆ, ಮತ್ತೆ ಓದುತ್ತಾರೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಇದನ್ನು ಸರಳವಾಗಿ ಪರೀಕ್ಷಿಸಿದರು. ವಿದ್ಯಾರ್ಥಿಗಳು ಒಂದು ಗದ್ಯಭಾಗ ಓದಿದರು. ಬಳಿಕ ಕೆಲವರು ಅದನ್ನೇ ಮತ್ತೊಮ್ಮೆ ಓದಿದರು, ಕೆಲವರು ಪುಸ್ತಕ ಮುಚ್ಚಿ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು, ಶೇ 81ಕ್ಕೆ ಶೇ 75. ವಾರ ಕಳೆದ ಮೇಲೆ ಕೇಳಿದಾಗ ತಕ್ಕಡಿ ತಿರುಗಿತ್ತು. ಮತ್ತೆ ಓದಿದವರ ನೆನಪಿನಲ್ಲಿ ಉಳಿದದ್ದು ಶೇ 42, ಮುಚ್ಚಿ ಬರೆದವರಲ್ಲಿ ಶೇ 56. ಹಿಂದಿನ ರಾತ್ರಿ ‘ಎಲ್ಲಾ ಬರುತ್ತೆ’ ಎನಿಸಿ, ಬೆಳಿಗ್ಗೆ ಕೊಠಡಿಯಲ್ಲಿ ಕೈಕೊಡುವ ಓದಿನ ಗುಟ್ಟು ಈ ಅಂಕಿಗಳಲ್ಲಿದೆ. ಪುಸ್ತಕ ತೆರೆದಿದ್ದಾಗ ಸಿಗುವ ಪರಿಚಯದ ಭಾವವನ್ನೇ ಮಗು ತಿಳಿವಳಿಕೆ ಎಂದು ನಂಬಿರುತ್ತದೆ. ಆ ನಂಬಿಕೆ ಒಡೆಯುವುದು ಎಲ್ಲಕ್ಕಿಂತ ದುಬಾರಿ ಜಾಗದಲ್ಲಿ, ಹಾಲ್ ಟಿಕೆಟ್ ಮುಂದಿಟ್ಟುಕೊಂಡು ಕುಳಿತಾಗ.

ಇದು ನೆನಪಿನ ವಿಚಾರವಾಯಿತು, ಭಯಕ್ಕೂ ಇದಕ್ಕೂ ಏನು ನಂಟು ಎಂದು ಕೇಳಬಹುದು. ಟಫ್ಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಅದನ್ನೇ ಕೇಳಿಕೊಂಡಿತ್ತು. 120 ಮಂದಿ ಪದಗಳನ್ನೂ ಚಿತ್ರಗಳನ್ನೂ ಕಲಿತರು. ಅರ್ಧ ಜನ ಮತ್ತೆ ಮತ್ತೆ ನೋಡಿ, ಇನ್ನರ್ಧ ಜನ ಮತ್ತೆ ಮತ್ತೆ ನೆನಪಿಸಿಕೊಂಡು. ಮರುದಿನ ಎರಡೂ ಗುಂಪಿನ ಕೆಲವರನ್ನು ತೀರ್ಪುಗಾರರ ಮುಂದೆ ನಿಲ್ಲಿಸಿ, ತಯಾರಿಯಿಲ್ಲದೆ ಭಾಷಣ ಮಾಡಿಸಿ, ಲೆಕ್ಕ ಹಾಕಿಸಿ ಬೇಕೆಂದೇ ಒತ್ತಡಕ್ಕೆ ತಳ್ಳಲಾಯಿತು. ನೋಡಿ ಕಲಿತವರು ಒತ್ತಡದಲ್ಲಿ 30ಕ್ಕೆ ಸರಾಸರಿ 7ನ್ನು ಮಾತ್ರ ನೆನಪಿಸಿಕೊಂಡರು. ನೆನಪಿಸಿಕೊಂಡು ಕಲಿತವರು ಸುಮಾರು 11ನ್ನು ಹೇಳಿದರು, ಒತ್ತಡವಿಲ್ಲದ ತಮ್ಮ ಗೆಳೆಯರಿಗಿಂತ ಒಂದಿಷ್ಟೂ ಕಡಿಮೆಯಾಗದಂತೆ. ಪ್ರಯೋಗಾಲಯದ ಫಲಿತಾಂಶ ತರಗತಿಗೆ ಹಾಗೆಯೇ ಒಗ್ಗುತ್ತದೆಂದು ಹೇಳಲಾಗದು. ಆದರೆ ತರಗತಿಯ ಸಾಕ್ಷ್ಯವೂ ಇದೆ. ಪೂಜಾ ಅಗರವಾಲ್ ಮತ್ತು ಸಹೋದ್ಯೋಗಿಗಳು ಅಮೆರಿಕದ ಶಾಲೆಗಳ 1,408 ಮಕ್ಕಳನ್ನು ಕೇಳಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತರಗತಿಯಲ್ಲೇ ಇಂಥ ಪುಟ್ಟ ಪರೀಕ್ಷೆಗಳು ನಡೆಯುತ್ತಿದ್ದುದರಿಂದ ದೊಡ್ಡ ಪರೀಕ್ಷೆಯ ಅಳುಕು ತಗ್ಗಿತು ಎಂದವರು ಶೇ 72. ಇದು ಮಕ್ಕಳೇ ತಮ್ಮ ಬಗ್ಗೆ ಹೇಳಿಕೊಂಡ ಮಾತು ಎಂಬ ಮಿತಿ ಇದೆ. ಆದರೂ ಅಳುಕು ತಗ್ಗಿತೇ ಎಂಬುದನ್ನು ಅಳುಕುವವರನ್ನಲ್ಲದೆ ಬೇರೆ ಯಾರನ್ನು ಕೇಳಬೇಕು?

ನಮ್ಮ ತರಗತಿಯಲ್ಲಿ ಇದು ಹೇಗಿರಬಹುದು? ಹತ್ತನೇ ತರಗತಿಯ ವಿಜ್ಞಾನದ ‘ವಿದ್ಯುಚ್ಛಕ್ತಿ’ ಪಾಠ ಮುಗಿದು ಹತ್ತು ದಿನವಾಗಿದೆ ಎಂದುಕೊಳ್ಳೋಣ. ಶಿಕ್ಷಕಿ ಒಳಗೆ ಬಂದು, ಪುಸ್ತಕ ಮುಚ್ಚಿಸಿ, ಕಪ್ಪುಹಲಗೆಯ ಮೇಲೆ ಮೂರು ಪ್ರಶ್ನೆ ಬರೆಯುತ್ತಾರೆ. ಓಮ್‌ನ ನಿಯಮ ಏನು ಹೇಳುತ್ತದೆ? ಎರಡು ರೋಧಕಗಳನ್ನು ಸಮಾಂತರವಾಗಿ ಜೋಡಿಸಿದ ಮಂಡಲದ ಚಿತ್ರ ಬರೆಯಿರಿ. ಮನೆಯ ವೈರಿಂಗನ್ನು ಸರಣಿಯಲ್ಲಿ ಯಾಕೆ ಮಾಡುವುದಿಲ್ಲ? ಎಂಟು ನಿಮಿಷ ಎಲ್ಲರೂ ಹಿಂದಿನ ಪುಟದಲ್ಲಿ ಬರೆಯುತ್ತಾರೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆಯಬೇಕು, ಪಕ್ಕಕ್ಕೆ ಇಣುಕುವ ಅಗತ್ಯವೇ ಇಲ್ಲ. ಬಳಿಕ ಪುಸ್ತಕ ತೆರೆದು ತಮ್ಮ ಉತ್ತರವನ್ನು ತಾವೇ ತಿದ್ದಿಕೊಳ್ಳುತ್ತಾರೆ. ಯಾವ ಪ್ರಶ್ನೆ ಹೆಚ್ಚು ಜನಕ್ಕೆ ಬರಲಿಲ್ಲ ಎಂದು ಕೈ ಎತ್ತಿಸಿ ನೋಡಿ, ಶಿಕ್ಷಕಿ ಅದೊಂದನ್ನೇ ಐದು ನಿಮಿಷ ಮತ್ತೆ ಹೇಳುತ್ತಾರೆ. ಅಂಕವಿಲ್ಲ, ರ‍್ಯಾಂಕಿಲ್ಲ, ಪೋಷಕರ ಸಹಿಯೂ ಇಲ್ಲ. ಎರಡು ವಾರ ಬಿಟ್ಟು ಅದೇ ಪಾಠದಿಂದ ಇನ್ನೊಂದು ಪ್ರಶ್ನೆ, ತಿಂಗಳು ಬಿಟ್ಟು ಮತ್ತೊಂದು. ವರ್ಷ ಮುಗಿಯುವ ಹೊತ್ತಿಗೆ ಖಾಲಿ ಹಾಳೆಯೆದುರು ಒಬ್ಬರೇ ಕುಳಿತು ನೆನಪನ್ನು ಕೆದಕುವುದು ಆ ಮಕ್ಕಳಿಗೆ ದಿನನಿತ್ಯದ ಕೆಲಸವಾಗಿರುತ್ತದೆ. ತಪ್ಪಿದರೆ ಆಕಾಶವೇನೂ ಬೀಳುವುದಿಲ್ಲ ಎಂಬುದು ಅವರಿಗೆ ಅನುಭವದಿಂದಲೇ ತಿಳಿದಿರುತ್ತದೆ. ಭಾಷಣಕಾರರ ಮಾತಿನಿಂದ ಬಾರದ ಧೈರ್ಯ ಅದು.

ಅಂಕವಿಲ್ಲದಿದ್ದರೆ ಮಕ್ಕಳು ಗಂಭೀರವಾಗಿ ತಗೊಳ್ಳುವುದಿಲ್ಲ ಎಂಬುದು ಶಿಕ್ಷಕರ ಮೊದಲ ಆಕ್ಷೇಪ. ಆರಂಭದ ವಾರಗಳಲ್ಲಿ ಹಾಗಾಗುವುದು ಸಹಜ. ಅಂಕಕ್ಕಾಗಿಯೇ ಓದಿಸಿದ ಮಕ್ಕಳು ಅಂಕವಿಲ್ಲದ ಕೆಲಸವನ್ನು ನಂಬಲು ಸಮಯ ಬೇಕು. ಆದರೆ ಇಲ್ಲಿ ಅಂಕ ಸೇರಿಸಿದರೆ ಇಡೀ ಉದ್ದೇಶವೇ ಕೆಡುತ್ತದೆ. ದಾಖಲೆಗೆ ಹೋಗುವ ಪರೀಕ್ಷೆಯಲ್ಲಿ ಮಗು ತನಗೆ ಗೊತ್ತಿಲ್ಲದ್ದನ್ನು ಬಚ್ಚಿಡುತ್ತದೆ, ನಕಲು ಮಾಡುತ್ತದೆ, ಗೈಡಿನ ಸಾಲನ್ನು ಅರ್ಥವಾಗದೆ ಗೀಚುತ್ತದೆ. ಎರಡನೆಯ ಆಕ್ಷೇಪ ಕೆಲಸದ ಹೊರೆಯದು. ಅರವತ್ತು ಮಕ್ಕಳ ಸೆಕ್ಷನ್, ಜೊತೆಗೆ ಚುನಾವಣೆ, ಗಣತಿ, ಬಿಸಿಯೂಟದ ಲೆಕ್ಕ, ಆ್ಯಪ್‌ಗೆ ಮಾಹಿತಿ ತುಂಬುವುದು. ಇಷ್ಟೆಲ್ಲ ಹೊತ್ತಿರುವವರ ಮೇಲೆ ಇನ್ನೊಂದು ಕಟ್ಟು ಉತ್ತರಪತ್ರಿಕೆ ಹೇರುವುದು ಅನ್ಯಾಯವೇ. ಆದರೆ ಇಲ್ಲಿ ತಿದ್ದುವುದಕ್ಕೆ ಕಟ್ಟೇ ಇಲ್ಲ, ಮಕ್ಕಳು ತಾವೇ ತಿದ್ದಿಕೊಳ್ಳುತ್ತಾರೆ. ತಿದ್ದಿಕೊಳ್ಳುವುದೂ ಕಲಿಕೆಯ ಭಾಗವೇ. ಪುನರಾವರ್ತನೆಗೆಂದು ಈಗ ವ್ಯಯವಾಗುತ್ತಿರುವ ಅವಧಿಗಳಲ್ಲೇ ಇದಕ್ಕೆ ಜಾಗ ಸಿಗುತ್ತದೆ.

ಈಗಿರುವ ಪರೀಕ್ಷೆಗಳೇ ಹೆಚ್ಚಾಗಿವೆ, ಇನ್ನೂ ಬೇಕೇ ಎಂಬ ಮೂರನೆಯ ಆಕ್ಷೇಪಕ್ಕೆ ನನ್ನ ಸಂಪೂರ್ಣ ಸಹಾನುಭೂತಿಯಿದೆ. ನಾಲ್ಕು ರೂಪಣಾತ್ಮಕ ಮೌಲ್ಯಮಾಪನ, ಎರಡು ಸಂಕಲನಾತ್ಮಕ, ಮೇಲೆ ಪೂರ್ವಸಿದ್ಧತಾ ಪರೀಕ್ಷೆಗಳು, ಖಾಸಗಿ ಶಾಲೆಗಳಲ್ಲಿ ಸೋಮವಾರದ ಟೆಸ್ಟ್ ಬೇರೆ. ಆದರೆ ಇವೆಲ್ಲವೂ ಅಳೆಯಲು ಇಟ್ಟ ಪರೀಕ್ಷೆಗಳು. ಕಲಿಯಲು ಇಟ್ಟ ಪರೀಕ್ಷೆ ಒಂದೂ ಇಲ್ಲ ಎಂಬುದೇ ನನ್ನ ದೂರು. ಅದರ ಪರಿಣಾಮವನ್ನು ರಾಜ್ಯ ಈಚೆಗೆ ಕಣ್ಣಾರೆ ಕಂಡಿತು. 2023ರಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಶೇ 20ರವರೆಗೆ ಕೃಪಾಂಕ ಕೊಟ್ಟ ಮೇಲೂ ಫಲಿತಾಂಶ ಶೇ 73.40ಕ್ಕೆ ಕುಸಿಯಿತು. ನಕಲು ತಡೆಯಲು ತಂದ ಆ ವ್ಯವಸ್ಥೆ ಸರಿಯಾದದ್ದೇ, ಅದನ್ನು ಹಿಂತೆಗೆಯಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಬದಲಾದದ್ದು ಪರೀಕ್ಷಾ ಕೊಠಡಿ ಮಾತ್ರ, ಪಾಠದ ಕೊಠಡಿ ಹಾಗೆಯೇ ಉಳಿಯಿತು. ಯಾರ ಸಹಾಯವೂ ಇಲ್ಲದೆ ಖಾಲಿ ಹಾಳೆಯನ್ನು ಎದುರಿಸುವ ಅಭ್ಯಾಸ ಹತ್ತು ವರ್ಷದ ಶಾಲೆಯಲ್ಲಿ ಎಂದೂ ಸಿಗದ ಮಗುವಿಗೆ ಆ ಅನುಭವ ಮೊದಲ ಸಲ ಆದದ್ದು ಕ್ಯಾಮೆರಾದ ಕೆಳಗೆ. ಆ ಕುಸಿತದಲ್ಲಿ ಓದಿಲ್ಲದವರ ಪಾಲೆಷ್ಟೋ, ಬೆದರಿದವರ ಪಾಲೂ ಅಷ್ಟೇ ಇರಬಹುದು ಎಂಬುದು ನನ್ನ ಊಹೆ.

ಇನ್ನೊಂದು ಗಟ್ಟಿ ಆಕ್ಷೇಪ ಸಂಶೋಧನೆಯ ಒಳಗಿಂದಲೇ ಬರುತ್ತದೆ. ರೇ ಹೆಂಬ್ರಿ 1988ರಲ್ಲಿ 562 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಓದುವ ಕೌಶಲ ಕಲಿಸಿದ ಮಾತ್ರಕ್ಕೆ ಪರೀಕ್ಷಾ ಭಯ ಇಳಿಯುವುದಿಲ್ಲ, ಭಯವನ್ನೇ ನೇರವಾಗಿ ಮುಟ್ಟುವ ತರಬೇತಿಯೂ ಬೇಕು ಎಂದು ಕಂಡುಬಂತು. ಹಾಗಾದರೆ ನನ್ನ ವಾದ ಬಿದ್ದುಹೋಗುವುದಿಲ್ಲವೇ? ಹೇಗೆ ಓದಬೇಕು ಎಂಬ ಉಪದೇಶ ಬೇರೆ, ಪರೀಕ್ಷೆಯಂಥದೇ ಸನ್ನಿವೇಶಕ್ಕೆ ಬೆದರಿಕೆಯಿಲ್ಲದೆ ಮತ್ತೆ ಮತ್ತೆ ಒಡ್ಡಿಕೊಳ್ಳುವುದು ಬೇರೆ. ಎರಡನೆಯದು ಸ್ವತಃ ಭಯವನ್ನು ಮುಟ್ಟುವ ಕ್ರಮ. ಕತ್ತಲೆಯ ಭಯಕ್ಕೂ ಎತ್ತರದ ಭಯಕ್ಕೂ ಮನೋಚಿಕಿತ್ಸಕರು ಹಿಡಿಯುವುದು ಇದೇ ದಾರಿಯನ್ನು. ಆದರೂ ಹೆಂಬ್ರಿ ಅವರ ಎಚ್ಚರಿಕೆಯನ್ನು ಒಪ್ಪಿಕೊಂಡು, ಭಾವನೆಯನ್ನು ನಿಭಾಯಿಸುವ ಒಂದೆರಡು ಪಾಠಗಳನ್ನು ಜೊತೆಗೆ ಸೇರಿಸಬೇಕು. 2019ರಲ್ಲಿ ಅಮೆರಿಕದ ಪ್ರೌಢಶಾಲೆಯೊಂದರ 1,175 ಮಕ್ಕಳ ಮೇಲೆ ನಡೆದ ಅಧ್ಯಯನ ಇಲ್ಲಿ ದಾರಿ ತೋರಿಸುತ್ತದೆ. ಪರೀಕ್ಷೆಗೆ ಮೊದಲು ಹತ್ತು ನಿಮಿಷ ತಮ್ಮ ಆತಂಕವನ್ನು ಬರೆದುಕೊಳ್ಳುವುದು, ಎದೆಬಡಿತವೆಂದರೆ ಮೈ ಕೆಲಸಕ್ಕೆ ಸಜ್ಜಾಗುತ್ತಿರುವ ಗುರುತು ಎಂದು ಓದಿ ತಿಳಿಯುವುದು, ಇಷ್ಟೇ ಅಲ್ಲಿ ಮಾಡಿದ್ದು. ಬಡ ಕುಟುಂಬಗಳ ಮಕ್ಕಳಲ್ಲಿ ಆ ವಿಜ್ಞಾನ ಕೋರ್ಸ್‌ನಲ್ಲಿ ಫೇಲಾಗುವವರ ಪ್ರಮಾಣ ಶೇ 39ರಿಂದ ಶೇ 18ಕ್ಕೆ ಇಳಿಯಿತು. ಇಷ್ಟು ಆಕರ್ಷಕ ಅಂಕಿಗಳನ್ನು ನೋಡಿದಾಗ ಸ್ವಲ್ಪ ತಡೆದು ಯೋಚಿಸಬೇಕು ಕೂಡ. ಆತಂಕ ಬರೆದುಕೊಂಡರೆ ಅಂಕ ಏರುತ್ತದೆ ಎಂದು 2011ರಲ್ಲಿ ರಾಮಿರೆಜ್ ಮತ್ತು ಬೈಲಾಕ್ ಮಾಡಿದ್ದ ಪ್ರಸಿದ್ಧ ಪ್ರಯೋಗವನ್ನು ಬೇರೆ ವಿಜ್ಞಾನಿಗಳು ಮತ್ತೆ ಮಾಡಿದಾಗ ಅದೇ ಫಲಿತಾಂಶ ಬರಲಿಲ್ಲ ಎಂದು 2018ರಲ್ಲಿ ಪ್ರಕಟವಾಯಿತು. ಖರ್ಚಿಲ್ಲದ, ಕೇಡಿಲ್ಲದ ಕ್ರಮವೆಂದು ಮಾಡಬಹುದು. ಅದರ ಮೇಲೇ ಎಲ್ಲ ಭಾರ ಹಾಕಬಾರದು.

ಸಾಮೂಹಿಕ ಧ್ಯಾನದ ಬಗ್ಗೆಯೂ ಇದೇ ಎಚ್ಚರ ಇರಲಿ. ಬ್ರಿಟನ್ನಿನ 85 ಶಾಲೆಗಳಲ್ಲಿ, 8,000ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ‘ಮಿರಿಯಡ್’ ಅಧ್ಯಯನದ ಫಲಿತಾಂಶ 2022ರಲ್ಲಿ ಹೊರಬಂತು. ಶಿಕ್ಷಕರಿಗೆ ತರಬೇತಿ ಕೊಟ್ಟು ಇಡೀ ತರಗತಿಗೆ ಕಲಿಸಿದ ಮೈಂಡ್‌ಫುಲ್‌ನೆಸ್ ಪಾಠಗಳಿಂದ, ಶಾಲೆಗಳು ಮೊದಲಿನಿಂದ ಮಾಡುತ್ತಿದ್ದ ಸಾಮಾನ್ಯ ಪಾಠಗಳಿಗಿಂತ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಮನೆಯಲ್ಲಿ ಅಭ್ಯಾಸ ಮುಂದುವರಿಸಿದ ಮಕ್ಕಳೇ ಕಡಿಮೆ. ಸ್ವಂತ ಆಸಕ್ತಿಯಿಂದ ಧ್ಯಾನ ಮಾಡುವ ಮಗುವಿಗೆ ಅದು ಒಳ್ಳೆಯದನ್ನೇ ಮಾಡೀತು, ಸುತ್ತೋಲೆ ಹೊರಡಿಸಿ ಮಾಡಿಸಿದರೆ ಮಾಡದು. ಹೋಲಿಸಿದರೆ ಉಸಿರಿನ ಅಭ್ಯಾಸ ಚಿಕ್ಕದು, ಬೇಕಾದ ಜಾಗದಲ್ಲೇ ಒದಗುವಂಥದು. ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಶ್ನೆಪತ್ರಿಕೆ ಓದಿಕೊಳ್ಳಲೆಂದೇ 15 ನಿಮಿಷ ಕೊಡುತ್ತಾರೆ. ಅದನ್ನು ಬಳಸುವುದು ಹೇಗೆಂದು ಯಾರೂ ಹೇಳಿಕೊಡುವುದಿಲ್ಲ. ಮೊದಲ ಎರಡು ನಿಮಿಷ ಪತ್ರಿಕೆಯನ್ನು ಮಗುಚಿಟ್ಟು, ನಾಲ್ಕು ಎಣಿಸುವಷ್ಟು ಹೊತ್ತು ಉಸಿರೆಳೆದು ಆರು ಎಣಿಸುವಷ್ಟು ಹೊತ್ತು ಬಿಟ್ಟರೆ ನಿಮಿಷಕ್ಕೆ ಆರು ಉಸಿರಾಗುತ್ತದೆ. ಉಸಿರು ಬಿಡುವಾಗ ಎದೆಬಡಿತ ನಿಧಾನವಾಗುವುದು ನಮ್ಮ ಮೈಯ ಸಹಜ ಗುಣ. ಆಮೇಲೆ ಪತ್ರಿಕೆ ಓದುತ್ತಾ, ಬರುವ ಪ್ರಶ್ನೆಗಳಲ್ಲಿ ಮೊದಲು ಬರೆಯುವುದು ಯಾವುದು, ಎರಡನೆಯದು ಯಾವುದು ಎಂದು ಮನಸ್ಸಿನಲ್ಲೇ ಸಾಲು ಮಾಡಿಕೊಳ್ಳಬೇಕು. ಬಾರದ ಪ್ರಶ್ನೆ ಮೊದಲೇ ಕಣ್ಣಿಗೆ ಬಿದ್ದು ಇಡೀ ಮೂರು ಗಂಟೆ ಹಾಳಾಗುವುದು ಇದರಿಂದ ಎಷ್ಟೋ ತಪ್ಪುತ್ತದೆ. ಇದನ್ನೂ ಪೂರ್ವಸಿದ್ಧತಾ ಪರೀಕ್ಷೆಗಳಲ್ಲೇ ರೂಢಿ ಮಾಡಿಸಬೇಕು. ನಿದ್ದೆಯ ಮಾತೂ ಇದೆ. 13ರಿಂದ 18 ವರ್ಷದವರಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕೆಂಬುದು ತಜ್ಞರ ಶಿಫಾರಸು, ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದೂ ಆಗಲೇ. ಹನ್ನೊಂದರವರೆಗೆ ಓದಿದ ಮಗುವನ್ನು ಬೆಳಗಿನ ಜಾವ ಫೋನ್ ಮಾಡಿ ಎಬ್ಬಿಸುವ ಕೆಲವು ಕಡೆಯ ಪದ್ಧತಿ ನಿಲ್ಲಬೇಕು.

ಒಂದಿಷ್ಟು ಭಯ ಇರಲೇಬೇಕು, ಇಲ್ಲದಿದ್ದರೆ ಮಕ್ಕಳು ಪುಸ್ತಕವನ್ನೇ ಮುಟ್ಟುವುದಿಲ್ಲ ಎನ್ನುವ ತಂದೆತಾಯಂದಿರ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಸ್ವಲ್ಪ ಒತ್ತಡ ಕೆಲಸವನ್ನು ಚುರುಕುಗೊಳಿಸುತ್ತದೆ ಎಂದು ಯರ್ಕಿಸ್ ಮತ್ತು ಡಾಡ್ಸನ್ 1908ರಲ್ಲಿ ಇಲಿಗಳ ಮೇಲೆ ಮಾಡಿದ ಪ್ರಯೋಗದಿಂದ ಇವತ್ತಿನವರೆಗೂ ಹೇಳಲಾಗುತ್ತಿದೆ. ಆದರೆ ಅದೇ ಪ್ರಯೋಗ, ಕೆಲಸ ಕಷ್ಟವಾದಷ್ಟೂ ತಾಳಿಕೊಳ್ಳಬಲ್ಲ ಒತ್ತಡ ಕಡಿಮೆಯಾಗುತ್ತದೆ ಎಂದೂ ತೋರಿಸಿತ್ತು. ಗಣಿತದ ಪ್ರಮೇಯ ಸುಲಭದ ಕೆಲಸವಲ್ಲ. ಫಲಿತಾಂಶದ ಮರುದಿನ ಟಾಪರ್‌ಗಳ ಫೋಟೊ ಹೊತ್ತ ಫ್ಲೆಕ್ಸ್ ರಸ್ತೆಗೆ ಬಂದಾಗ, ಅಂಕ ನೋಡಿ ಮಕ್ಕಳನ್ನು ಎ ಸೆಕ್ಷನ್, ಡಿ ಸೆಕ್ಷನ್ ಎಂದು ಬೇರೆ ಕೂರಿಸಿದಾಗ ಹುಟ್ಟುವುದು ಚುರುಕು ಮಾಡುವ ಒತ್ತಡವಲ್ಲ, ಅವಮಾನದ ಹೆದರಿಕೆ. ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಅಂಕದ ಆಧಾರದಲ್ಲಿ ಬ್ಯಾಚ್ ವಿಂಗಡಿಸುವುದನ್ನೂ ಎಲ್ಲರೆದುರು ಅವಮಾನಿಸುವುದನ್ನೂ ಬಿಡಬೇಕೆಂದು ಶಿಕ್ಷಣ ಸಂಸ್ಥೆಗಳಿಗೆ ಹೇಳಿದೆ. ನಮ್ಮ ರಾಜ್ಯ 2023-24ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆದು ಉತ್ತಮ ಅಂಕ ಉಳಿಸಿಕೊಳ್ಳುವ ಅವಕಾಶ ಕೊಟ್ಟದ್ದು ಈ ದಿಕ್ಕಿನ ನಿಜವಾದ ಸುಧಾರಣೆ. ಇದೊಂದೇ ಅವಕಾಶ ಎಂಬ ಯೋಚನೆಯನ್ನು ಅದು ಸಡಿಲಿಸಿತು. ಮನೆಯಲ್ಲಿ ಈ ಮಾತನ್ನು ಮಾರ್ಚ್‌ಗೆ ಮೊದಲೇ ಮಗುವಿಗೆ ಬಿಡಿಸಿ ಹೇಳಬೇಕು.

ಇಷ್ಟೆಲ್ಲ ಹೇಳಿದ ಮೇಲೂ, ಶಾಲೆಯ ಉಪಾಯಗಳಿಗೆ ಬಗ್ಗದ ಆತಂಕವಿದೆ ಎಂಬುದನ್ನು ಮರೆಯಬಾರದು. ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಪದೇ ಪದೇ ಉಸಿರು ಕಟ್ಟಿದಂತಾಗುತ್ತದೆ, ಬದುಕಿ ಏನು ಪ್ರಯೋಜನ ಎಂಬ ಮಾತು ಬಾಯಿಗೆ ಬರುತ್ತದೆ ಎಂದಾದರೆ ಅಲ್ಲಿ ಬೇಕಾದದ್ದು ವೈದ್ಯರು. ಅವರು ಔಷಧ ಬರೆದರೆ ಅದನ್ನು ತಪ್ಪದೆ ಕೊಡಬೇಕು, ಈ ಲೇಖನದ ಯಾವ ಮಾತೂ ಅದಕ್ಕೆ ಅಡ್ಡ ಬರಬಾರದು. ದೇಶದಲ್ಲಿ 2022ರ ಒಂದೇ ವರ್ಷ 13,000ಕ್ಕೂ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ತೀರಿಕೊಂಡರು ಎಂಬ ದಾಖಲೆ ಇರುವಾಗ ಕಾಯುತ್ತಾ ಕೂರುವಂತಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್‌ನ 14416 ಸಂಖ್ಯೆಗೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಪ್ರವೇಶ ಪತ್ರದ ಹಿಂಬದಿಯಲ್ಲಿ ನಿಯಮಗಳ ಜೊತೆ ಆ ಸಂಖ್ಯೆಯನ್ನೂ ದೊಡ್ಡ ಅಕ್ಷರದಲ್ಲಿ ಅಚ್ಚು ಮಾಡಿದರೆ ಖರ್ಚು ಹೆಚ್ಚಾಗದು.

ಶಿಕ್ಷಣ ಇಲಾಖೆ ಏನು ಮಾಡಬಹುದು? ಎಸ್‌ಎಸ್‌ಎಲ್‌ಸಿಯ ಆಂತರಿಕ ಅಂಕಗಳಿಗೆ ಈಗ ನಾಲ್ಕೂ ರೂಪಣಾತ್ಮಕ ಮೌಲ್ಯಮಾಪನಗಳು ಲೆಕ್ಕಕ್ಕೆ ಬರುತ್ತವೆ. ಮೊದಲನೆಯದನ್ನಾದರೂ ಆ ಲೆಕ್ಕದಿಂದ ಬಿಡಿಸಿ, ಅಂಕವಿಲ್ಲದ ವಾರದ ಅಭ್ಯಾಸಕ್ಕೆ ಆ ಅವಧಿಗಳನ್ನು ಕೊಡಬೇಕು. ಪ್ರತಿ ಪಾಠಕ್ಕೆ ಹತ್ತು ಹದಿನೈದು ಇಂಥ ಪುಟ್ಟ ಪ್ರಶ್ನೆಗಳನ್ನು ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳ (ಡಯಟ್) ಮೂಲಕ ಸಿದ್ಧಪಡಿಸಿ ಶಿಕ್ಷಕರ ಕೈಗಿಡಬೇಕು. ಶುರು ಮಾಡಲು ಹತ್ತನೇ ತರಗತಿಗಿಂತ ಒಂಬತ್ತನೇ ತರಗತಿ ಸೂಕ್ತ. ಅಲ್ಲಿ ಫಲಿತಾಂಶದ ಒತ್ತಡ ಶಿಕ್ಷಕರ ಮೇಲೂ ಅಷ್ಟಿರುವುದಿಲ್ಲ, ತಪ್ಪಿ ತಿದ್ದಿಕೊಳ್ಳಲು ಇಡೀ ವರ್ಷ ಸಿಗುತ್ತದೆ, ಆ ಮಕ್ಕಳು ಹತ್ತನೇ ತರಗತಿಗೆ ಬರುವಾಗ ಖಾಲಿ ಹಾಳೆಗೆ ಆಗಲೇ ಒಗ್ಗಿರುತ್ತಾರೆ.